ಕುರಿಯ ಶ್ವಾಸನಾಳ ತೊಳೆದು ಹಂದರ ಮಾಡುವ ಕ್ರಮ: ದಾವಣಗೆರೆಯ ಲ್ಯಾಬಿಗೆ ಒಗ್ಗುವಂತೆ

ವೆಂಟಿಲೇಟರ್ ಮೇಲೆ ಹೆಚ್ಚು ದಿನ ಇದ್ದು ಗುಣವಾದವರಲ್ಲಿ ಕೆಲವರಿಗೆ ಮನೆಗೆ ಹೋದ ಮೂರ್ನಾಲ್ಕು ವಾರಕ್ಕೆ ಉಸಿರೆಳೆದಾಗ ಸಿಳ್ಳೆಯಂಥ ಸದ್ದು ಶುರುವಾಗುತ್ತದೆ. ಗಂಟಲಲ್ಲಿ ಇಳಿಸಿದ್ದ ಕೊಳವೆಯ ಗಾಳಿಬುಗ್ಗೆ ನಾಳದ ಒಳಗೋಡೆಯನ್ನು ಒತ್ತಿ ಹಿಡಿದು, ಅಲ್ಲಿ ರಕ್ತ ಆಡದೆ, ಗಾಯವಾಗಿ, ಆ ಗಾಯ ಮಾಯುವಾಗ ನಾಳವೇ ಕಿರಿದಾಗಿರುತ್ತದೆ. ಬುಗ್ಗೆಯ ಒತ್ತಡವನ್ನು 20ರಿಂದ 30 ಸೆಂ.ಮೀ. ನೀರಿನ ಮಟ್ಟದೊಳಗೆ ಇಡಬೇಕೆಂಬ ನಿಯಮ ಇರುವುದು ಇದಕ್ಕೇ. ಬಹಳ ಮಂದಿ ಇದನ್ನು ಅಸ್ತಮಾ ಎಂದುಕೊಂಡು ತಿಂಗಳುಗಟ್ಟಲೆ ಪಂಪ್ ಹೊಡೆದುಕೊಳ್ಳುತ್ತಾರೆ. ಕಿರಿದಾದ ಭಾಗ ಚಿಕ್ಕದಿದ್ದರೆ ಅದನ್ನು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿಯುತ್ತಾರೆ. ದೊಡ್ಡವರಲ್ಲಿ ನಾಳದ ಅರ್ಧದವರೆಗೆ, ಮಕ್ಕಳಲ್ಲಿ ಮೂರನೇ ಒಂದು ಭಾಗದವರೆಗೆ ಹೀಗೆ ಮಾಡಬಹುದು. ಅದಕ್ಕಿಂತ ಹೆಚ್ಚು ಹಾಳಾದರೆ ಬದಲಿ ನಾಳ ಬೇಕು. ಅದನ್ನು ಮಾಡಲು ಹಿಡಿದ ದಾರಿಗಳಲ್ಲಿ ಒಂದರ ಮೊದಲ ಮೆಟ್ಟಿಲು ಇಲ್ಲಿದೆ: ಪ್ರಾಣಿಯ ಶ್ವಾಸನಾಳದಿಂದ ಜೀವಕೋಶವನ್ನೆಲ್ಲ ತೊಳೆದು, ಕೊಲಾಜೆನ್ (ಅಂಗಾಂಶವನ್ನು ಹಿಡಿದಿಡುವ ನಾರಿನಂಥ ಪ್ರೋಟೀನ್) ಮತ್ತು ಮೃದ್ವಸ್ಥಿಯ ಹಂದರವನ್ನಷ್ಟೇ ಉಳಿಸುವುದು.

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಪ್ರಾಜೆಕ್ಟಿನ ವಿದ್ಯಾರ್ಥಿಗಳಿಗೆ, ಕಿವಿ-ಮೂಗು-ಗಂಟಲು ವಿಭಾಗದ ಪಿಜಿಗಳಿಗೆ ಇದು ಕೈಗೆಟುಕುವ ಕೆಲಸ. ಇದರಿಂದ ಸಿಗುವುದು ಪರೀಕ್ಷೆಗೆ, ಕಲಿಕೆಗೆ ಬರುವ ಹಂದರ. ಮನುಷ್ಯನಿಗೆ ಹಾಕುವ ವಸ್ತು ಅಲ್ಲ. ಅದು ಯಾಕೆ ಅಲ್ಲ ಎಂಬುದು ಮುಂದೆ ಬರುತ್ತದೆ.

ಕುರಿಯೇ ಯಾಕೆ

ಮನುಷ್ಯನ ಶ್ವಾಸನಾಳ 10ರಿಂದ 12 ಸೆಂ.ಮೀ. ಉದ್ದ, ಸುಮಾರು 2 ಸೆಂ.ಮೀ. ಅಗಲ. ಅದರಲ್ಲಿ ಕುದುರೆಲಾಳದ ಆಕಾರದ 16ರಿಂದ 20 ಮೃದ್ವಸ್ಥಿ ಉಂಗುರಗಳು. ಉಂಗುರದ ಬಾಯಿ ಹಿಂದಕ್ಕೆ, ಅನ್ನನಾಳದ ಕಡೆಗೆ. ಆ ಬಾಯಿಯನ್ನು ಸ್ನಾಯುವಿನ ಪೊರೆ ಮುಚ್ಚಿರುತ್ತದೆ. ಕುರಿಯ ನಾಳ ಅಗಲದಲ್ಲೂ ಉಂಗುರದ ರಚನೆಯಲ್ಲೂ ಇದಕ್ಕೆ ಹತ್ತಿರ. ಕತ್ತು ಉದ್ದವಾದ್ದರಿಂದ ಒಂದೇ ನಾಳದಲ್ಲಿ ಪ್ರಯೋಗದ ತುಂಡೂ ಹೋಲಿಕೆಯ ತುಂಡೂ ಎರಡೂ ಸಿಗುತ್ತವೆ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ಕುರಿಗೇನೂ ಬರವಿಲ್ಲ.

ಎಳೆಯ ಕುರಿಯದೇ ಆಗಲಿ, ಒಂದು ವರ್ಷದ ಒಳಗಿನದು. ಮುದಿ ಟಗರಿನ ಉಂಗುರದಲ್ಲಿ ಸುಣ್ಣ ಕಟ್ಟಿರುತ್ತದೆ. ಅದರೊಳಗೆ ಡಿಟರ್ಜೆಂಟ್ ಇಳಿಯುವುದಿಲ್ಲ, ಸ್ಲೈಡಿಗೆ ಕುಯ್ಯುವಾಗ ಮೈಕ್ರೋಟೋಮ್ ಬ್ಲೇಡೂ ಹಾಳಾಗುತ್ತದೆ.

ಮಟನ್ ಅಂಗಡಿಯಲ್ಲಿ

ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಿ. ಮುಖ್ಯವಾಗಿ ಮೂರು ಮಾತು. ಶ್ವಾಸಕೋಶದ ಜೊತೆಗೇ ನಾಳವನ್ನು ಬಿಡಬೇಕು, ಕಿತ್ತು ಎಳೆಯಬಾರದು. ತಲೆ-ಕಾಲು ಸುಡುವ ಬೆಂಕಿಯ ಹತ್ತಿರ ಅದು ಹೋಗಬಾರದು, ಯಾಕೆಂದರೆ ಸುಮಾರು 60 ಡಿಗ್ರಿ ದಾಟಿದರೆ ಕೊಲಾಜೆನ್ ಮುದುಡುತ್ತದೆ. ಬಿಸಿನೀರಿನಲ್ಲಿ ತೊಳೆಯಬಾರದು.

ಕತ್ತು ಕೊಯ್ಯುವಾಗ ನಾಳವೂ ತುಂಡಾಗುತ್ತದೆ, ಅನ್ನನಾಳವೂ ತುಂಡಾಗುತ್ತದೆ. ಹೊಟ್ಟೆಯಿಂದ ಮೇಲೆ ಬಂದ ಹಸಿರು ಮೇವು, ರಕ್ತ ಎರಡೂ ನಾಳದೊಳಗೆ ನುಗ್ಗಿರುತ್ತವೆ. ಆ ಮೇವಿನ ಜೊತೆ ಬರುವ ಬ್ಯಾಕ್ಟೀರಿಯಾ ಮುಂದೆ ಇಡೀ ಬ್ಯಾಚನ್ನೇ ಕೆಡಿಸಬಲ್ಲದು. ಹಾಗಾಗಿ ಕೊಯ್ದ ಅಂಚಿನಿಂದ 3 ಸೆಂ.ಮೀ. ಬಿಟ್ಟು ಕೆಳಗಿನ ಭಾಗ ತೆಗೆದುಕೊಳ್ಳಿ. ಒಳಗೆ ಹಸಿರು ಕಂಡ ನಾಳವನ್ನು ಬಿಟ್ಟುಬಿಡುವುದೇ ಒಳ್ಳೆಯದು. ತೊಳೆದು ಉಳಿಸಿಕೊಳ್ಳುವ ಆಸೆ ಬೇಡ.

ಕೈಗೆ ಎರಡು ಪದರ ಗ್ಲೌಸ್, ಮುಖಕ್ಕೆ ಮಾಸ್ಕ್ ಕಡ್ಡಾಯ. ಬ್ರುಸೆಲ್ಲೋಸಿಸ್, ಕ್ಯೂ ಜ್ವರ, ಅಂಥ್ರಾಕ್ಸ್ ಕುರಿಯಿಂದ ಮನುಷ್ಯನಿಗೆ ಬರುವ ರೋಗಗಳು. ಪಶುವೈದ್ಯರು ನೋಡಿ ಒಪ್ಪಿದ ಪ್ರಾಣಿಯದ್ದನ್ನೇ ತೆಗೆದುಕೊಳ್ಳಿ, ತಾನಾಗಿ ಸತ್ತ ಕುರಿಯದ್ದನ್ನು ಮುಟ್ಟಬೇಡಿ. ಮಾಂಸಕ್ಕಾಗಿ ಕಡಿದ ಪ್ರಾಣಿಯ ಅಂಗವಾದರೂ ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನು ಫೈಲಿನಲ್ಲಿಡಿ.

ಸಾಗಿಸಲು ಥರ್ಮಾಕೋಲ್ ಡಬ್ಬ, ಐಸ್ ಮತ್ತು ಮುಚ್ಚಳ ಬಿಗಿಯಾದ 500 ಮಿ.ಲೀ. ಬಾಟಲಿ ಸಾಕು. ಬಾಟಲಿಯಲ್ಲಿ ತಣ್ಣನೆಯ ಪಿಬಿಎಸ್ (ಫಾಸ್ಫೇಟ್ ಬಫರ್ ಬೆರೆಸಿದ ಉಪ್ಪುನೀರು) ದ್ರಾವಣ, ಅದರ ಪ್ರತಿ ಮಿ.ಲೀ.ಗೆ 100 ಯುನಿಟ್ ಪೆನ್ಸಿಲಿನ್, 100 ಮೈಕ್ರೋಗ್ರಾಂ ಸ್ಟ್ರೆಪ್ಟೊಮೈಸಿನ್. ಐಸು ಬಾಟಲಿಯ ಹೊರಗೇ ಇರಲಿ. ನೇರ ತಗುಲಿದರೆ ಅಂಗಾಂಶ ಅಲ್ಲಲ್ಲಿ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆಯ ಬಿಸಿಲಿಗೆ ಸ್ಕೂಟರಿನ ಡಿಕ್ಕಿಯಲ್ಲಿ ಹದಿನೈದು ನಿಮಿಷ ಇಟ್ಟರೂ ಸಾಕು, ಒಳಪದರ ಕೊಳೆಯಲು ಶುರು. ಕಡಿದ ಎರಡು ಗಂಟೆಯೊಳಗೆ ನಾಳ ಲ್ಯಾಬಿನ ಫ್ರಿಜ್ಜಿನಲ್ಲಿರಬೇಕು.

ಬೇಕಾಗುವ ಸಾಮಾನು, ಅಳತೆ

ಈ ಲೆಕ್ಕ 8 ಸೆಂ.ಮೀ.ನ ಒಂದು ತುಂಡಿಗೆ, ತೊಳೆಯುವ 20 ಸುತ್ತಿಗೆ. ಒಂದು ಸುತ್ತಿಗೆ ಒಂದು ದಿನ.

ಸೋಡಿಯಂ ಡಿಆಕ್ಸಿಕೋಲೇಟ್ (ಜೀವಕೋಶ ಕರಗಿಸುವ ಡಿಟರ್ಜೆಂಟ್) 160 ಗ್ರಾಂ. ಡಿಎನ್‌ಏಸ್-1 ಕಿಣ್ವ (ಡಿಎನ್‌ಎ ಕತ್ತರಿಸುವಂಥದ್ದು) 2 ಲಕ್ಷ ಕುನಿಟ್ಜ್ ಯುನಿಟ್, ಅದು ಕಿಣ್ವದ ಶಕ್ತಿಯ ಅಳತೆ. ಡಿಸ್ಟಿಲ್ಡ್ ನೀರು ದಿನಕ್ಕೆ 1.5 ಲೀಟರಿನಂತೆ 30 ಲೀಟರ್, ಮೊದಲ ನೆನೆಸುವಿಕೆಗೆ ಇನ್ನು 2 ಲೀಟರ್. ಟ್ರಿಸ್, ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಸ್ವಲ್ಪ ಸ್ವಲ್ಪ. ನಿಮಿಷಕ್ಕೆ 60ರಿಂದ 80 ಸುತ್ತು ತಿರುಗುವ ಶೇಕರ್, 37 ಡಿಗ್ರಿಯ ಇನ್‌ಕ್ಯುಬೇಟರ್, ಫ್ರಿಜ್, ಮೈನಸ್ 20ರ ಫ್ರೀಜರ್.

ಹೆಚ್ಚು ಜನ ಎಡವುವುದು ನೀರಿನಲ್ಲಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಡಿಆಕ್ಸಿಕೋಲೇಟಿಗೆ ಕ್ಯಾಲ್ಸಿಯಂ ಸಿಕ್ಕರೆ ಹಾಲು ಒಡೆದ ಹಾಗೆ ಬಿಳಿ ಚರಟ ಕಟ್ಟುತ್ತದೆ. ಆ ಚರಟ ನಾಳದ ರಂಧ್ರಗಳಲ್ಲಿ ಕೂತರೆ ಮತ್ತೆ ಬಿಡಿಸಲು ಆಗುವುದಿಲ್ಲ. ಬೀದಿಯ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್ ಕುಡಿಯಲು ಸರಿ, ಇದಕ್ಕೆ ಸಾಲದು. ಬ್ಯಾಟರಿಗೆ ಹಾಕುವ ನೀರನ್ನೂ ನಂಬಬೇಡಿ. ಕಾಲೇಜಿನ ಡಿಸ್ಟಿಲೇಶನ್ ಘಟಕದ್ದೇ ಆಗಲಿ, ಟಿಡಿಎಸ್ ಮೀಟರ್ 5ಕ್ಕಿಂತ ಕಡಿಮೆ ತೋರಿಸಲಿ. ಅನುಮಾನವಿದ್ದರೆ 10 ಮಿ.ಲೀ. ನೀರಿಗೆ 0.4 ಗ್ರಾಂ ಡಿಆಕ್ಸಿಕೋಲೇಟ್ ಹಾಕಿ ಅಲ್ಲಾಡಿಸಿ ಒಂದು ಗಂಟೆ ಇಡಿ. ದ್ರಾವಣ ತಿಳಿಯಾಗಿಯೇ ಇದ್ದರೆ ನೀರು ಸರಿ, ಮಬ್ಬಾದರೆ ಆ ನೀರು ಬೇಡ.

ಇನ್ನೊಂದು ಪಿಎಚ್. ಈ ದ್ರಾವಣ 8ರಿಂದ 8.5ರ ನಡುವೆ ಇರಬೇಕು. 7.5ರ ಹತ್ತಿರ ಇಳಿದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಉಪ್ಪಿನಂಶ ಹೆಚ್ಚಿದರೂ ಹಾಗೇ. ಡಿಟರ್ಜೆಂಟಿನಿಂದ ತೆಗೆದ ನಾಳವನ್ನು ನೇರ ಪಿಬಿಎಸ್‌ಗೆ ಹಾಕಬಾರದು, ನಡುವೆ ನೀರಿನ ತೊಳೆತ ಇರಲೇಬೇಕು ಎನ್ನುವುದು ಇದರಿಂದಲೇ.

ಡಿಆಕ್ಸಿಕೋಲೇಟಿನ ಪುಡಿ ಮೂಗಿಗೆ ಹೋದರೆ ಗಂಟಲು ಉರಿದು ಕೆಮ್ಮು ನಿಲ್ಲುವುದಿಲ್ಲ. ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ.

ಶುಚಿ ಮಾಡುವುದು, ಕುಯ್ಯುವುದು

ಟ್ರೇ ಮೇಲೆ ತಣ್ಣನೆಯ ಪಿಬಿಎಸ್‌ನಲ್ಲಿ ನಾಳವನ್ನಿಟ್ಟು ಹೊರಗಿನ ಕೊಬ್ಬು, ಸ್ನಾಯು, ಅನ್ನನಾಳದ ಅಂಟನ್ನು ಕತ್ತರಿಯಿಂದ ಬಿಡಿಸಿ. ಉಂಗುರಕ್ಕೆ ಅಂಟಿದ ತೆಳು ಬಿಳಿ ಪೊರೆಯನ್ನು ಮಾತ್ರ ಕೆರೆಯಬೇಡಿ. ಹಿಂದಿನ ಸ್ನಾಯುಪೊರೆಯ ಮೇಲೆ ಕತ್ತರಿ ಮೊನೆ ತಾಗಿದರೆ ಕಣ್ಣಿಗೆ ಕಾಣದ ತೂತಾಗುತ್ತದೆ, ಕೊನೆಯ ಸೋರಿಕೆ ಪರೀಕ್ಷೆಯಲ್ಲಿ ಅದು ಬಯಲಾಗುತ್ತದೆ. ಒಳಗಿನ ಸಿಂಬಳವನ್ನು ಸಿರಿಂಜಿನಿಂದ ಪಿಬಿಎಸ್ ಹಾಯಿಸಿ ತೊಳೆಯಿರಿ, ಬ್ರಷ್ ಹಾಕಿ ಉಜ್ಜಬೇಡಿ.

8 ಸೆಂ.ಮೀ. ತುಂಡು ಪ್ರಯೋಗಕ್ಕೆ. ಪಕ್ಕದ್ದೇ 4 ಸೆಂ.ಮೀ. ತುಂಡು ಹೋಲಿಕೆಗೆ: ಅದರಲ್ಲಿ 1 ಸೆಂ.ಮೀ. ಫಾರ್ಮಲಿನ್‌ಗೆ, 1 ಸೆಂ.ಮೀ. ಮೈನಸ್ 20ಕ್ಕೆ, ಉಳಿದ 2 ಸೆಂ.ಮೀ.ನ ಗಟ್ಟಿತನವನ್ನು ಅದೇ ದಿನ ಅಳೆಯಬೇಕು. ಈ ತುಂಡು ಎತ್ತಿಡದೆ ಶುರು ಮಾಡಿದರೆ ಇಪ್ಪತ್ತು ದಿನದ ನಂತರ ಸಿಗುವ ಸಂಖ್ಯೆಗಳನ್ನು ಯಾವುದರ ಪಕ್ಕದಲ್ಲಿಟ್ಟು ನೋಡುತ್ತೀರಿ?

ತೊಳೆಯುವ ಸುತ್ತು

ಮೊದಲು 48 ಗಂಟೆ ಡಿಸ್ಟಿಲ್ಡ್ ನೀರಿನಲ್ಲಿ, 4 ಡಿಗ್ರಿಯಲ್ಲಿ ನೆನೆಯಲಿ. ಹನ್ನೆರಡು ಗಂಟೆಗೊಮ್ಮೆ 500 ಮಿ.ಲೀ. ಹೊಸ ನೀರು. ಉಪ್ಪಿಲ್ಲದ ನೀರನ್ನು ಹೀರಿ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಮೊದಲ ದಿನ ನೀರು ಕೆಂಪಗೆ, ಎರಡನೇ ದಿನ ತೆಳು ಗುಲಾಬಿ.

ಆಮೇಲೆ ದಿನದ ಸುತ್ತು ಶುರು.

ಬೆಳಗ್ಗೆ 9ಕ್ಕೆ 200 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 8 ಗ್ರಾಂ ಡಿಆಕ್ಸಿಕೋಲೇಟ್ ಕರಗಿಸಿ, ಅಂದರೆ ನೂರಕ್ಕೆ 4. ನಾಳವನ್ನು ಅದರಲ್ಲಿ ಹಾಕಿ ಶೇಕರ್ ಮೇಲೆ ಕೋಣೆಯ ಉಷ್ಣತೆಯಲ್ಲಿ 4 ಗಂಟೆ. ಬೇಸಿಗೆಯಲ್ಲಿ ಕೋಣೆಯೇ 35 ಡಿಗ್ರಿ ಇದ್ದರೆ ಎ.ಸಿ. ಇರುವ ಕೋಣೆಗೆ ಒಯ್ಯಿರಿ, 25ರ ಆಸುಪಾಸು ಬೇಕು.

ಮಧ್ಯಾಹ್ನ 1ಕ್ಕೆ ತೆಗೆದು 200 ಮಿ.ಲೀ. ನೀರಿನಲ್ಲಿ 20 ನಿಮಿಷ, ಹೀಗೆ ಮೂರು ಸಲ. ಒಳಗೆ ನೀರು ಹಾಯುತ್ತಿದೆಯೇ ನೋಡಿ. ನಾಳ ಅಡ್ಡ ಮಲಗಿ ಒಳಗೊಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಆ ಜಾಗಕ್ಕೆ ದ್ರಾವಣ ಮುಟ್ಟುವುದೇ ಇಲ್ಲ. ತುದಿಯ ಉಂಗುರಕ್ಕೆ ರೇಷ್ಮೆ ಹೊಲಿಗೆ ದಾರ ಕಟ್ಟಿ ಬಾಟಲಿಯಲ್ಲಿ ನೆಟ್ಟಗೆ ತೂಗಿಬಿಟ್ಟರೆ ಈ ತೊಂದರೆ ಇಲ್ಲ.

ಮಧ್ಯಾಹ್ನ 2ಕ್ಕೆ ಡಿಎನ್‌ಏಸ್. ಒಡೆದ ಜೀವಕೋಶದಿಂದ ಹೊರಬಂದ ಡಿಎನ್‌ಎ ಲೋಳೆಯಂತೆ ಹಂದರಕ್ಕೆ ಅಂಟಿಕೊಂಡಿರುತ್ತದೆ. ಬಾಟಲಿಯಿಂದ ಇಕ್ಕಳದಲ್ಲಿ ಎತ್ತಿದರೆ ಬೆಂಡೆಕಾಯಿ ಲೋಳೆಯ ಎಳೆಯ ಹಾಗೆ ಜೋಲುವುದು ಇದೇ. ಡಿಟರ್ಜೆಂಟ್ ಒಂದರಿಂದ ಇದು ಹೋಗುವುದಿಲ್ಲ, ಕಿಣ್ವ ಕತ್ತರಿಸಿ ತುಂಡು ಮಾಡಬೇಕು. 10 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.5), 2.5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 0.5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುವ 200 ಮಿ.ಲೀ. ದ್ರಾವಣಕ್ಕೆ 10,000 ಯುನಿಟ್ ಕಿಣ್ವ, ಅಂದರೆ ಮಿ.ಲೀ.ಗೆ 50 ಯುನಿಟ್. 37 ಡಿಗ್ರಿಯಲ್ಲಿ 3 ಗಂಟೆ.

ಪ್ರಕಟವಾದ ಹಲವು ವಿಧಾನಗಳಲ್ಲಿ ಕಿಣ್ವವನ್ನು 1 ಮೋಲಾರ್ ಉಪ್ಪುನೀರಿನಲ್ಲೇ ಕೊಡುತ್ತಾರೆ. ಅಷ್ಟು ಉಪ್ಪಿನಲ್ಲಿ ಡಿಎನ್‌ಏಸ್ ಮಂಕಾಗುತ್ತದೆ. ಉಪ್ಪಿನ ತೊಳೆತ ಬೇಕೆಂದರೆ ಕಿಣ್ವದ ನಂತರ ಬೇರೆಯಾಗಿ ಒಂದು ಗಂಟೆ ಕೊಡುವುದು ಸರಿ.

ಕಿಣ್ವವನ್ನು ಜೋರಾಗಿ ಕುಲುಕಬಾರದು, ನೊರೆ ಬಂದರೆ ಅದರ ಶಕ್ತಿ ಹೋಗುತ್ತದೆ. ತಂದ ದಿನವೇ 10,000 ಯುನಿಟ್‌ನ 20 ಪುಟ್ಟ ಟ್ಯೂಬುಗಳಾಗಿ ಹಂಚಿ ಮೈನಸ್ 20ರಲ್ಲಿಡಿ. ಒಂದೇ ಟ್ಯೂಬನ್ನು ದಿನಾ ತೆಗೆದು ಕರಗಿಸಿ ಮತ್ತೆ ಫ್ರೀಜ್ ಮಾಡಿದರೆ ಹತ್ತನೇ ದಿನಕ್ಕೆ ನೀವು ಹಾಕುತ್ತಿರುವುದು ಬರೀ ಪ್ರೋಟೀನ್ ನೀರು. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಶೇಕರ್ ಅರ್ಧ ಗಂಟೆ ನಿಂತರೆ ಏನೂ ಆಗದು, ಆದರೆ ಫ್ರೀಜರಿಗೆ ಯುಪಿಎಸ್ ಲೈನ್ ಇರಲಿ.

ಸಂಜೆ 5ಕ್ಕೆ ಒಮ್ಮೆ ನೀರಿನಲ್ಲಿ ಅದ್ದಿ ತೆಗೆದು, 500 ಮಿ.ಲೀ. ಹೊಸ ಡಿಸ್ಟಿಲ್ಡ್ ನೀರಿಗೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಭಾನುವಾರ ಲ್ಯಾಬ್ ಮುಚ್ಚಿದ್ದರೆ ಇದೇ ನೀರಿನಲ್ಲಿ ಒಂದು ದಿನ ಹೆಚ್ಚು ನಿಲ್ಲಬಹುದು. ಡಿಟರ್ಜೆಂಟಿನಲ್ಲಿ ಬಿಟ್ಟು ಊರಿಗೆ ಹೋಗಬೇಡಿ.

ಎಷ್ಟು ಸುತ್ತು?

ಐದು ಸುತ್ತಿಗೇ ಒಳಪದರ ಬೆಳ್ಳಗಾಗಿ, ನಾಳ ನೋಡಲು ಗಾಜಿನಂತೆ ಕಾಣುತ್ತದೆ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಮೇಲ್ಪದರದ ಜೀವಕೋಶ ಬೇಗ ಹೋಗುತ್ತದೆ, ಮೃದ್ವಸ್ಥಿಯೊಳಗಿನದು ಹೋಗುವುದಿಲ್ಲ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ, ಒಂದೊಂದು ಜೀವಕೋಶವೂ ತನ್ನದೇ ಗೂಡಿನಲ್ಲಿ ದಟ್ಟ ಜೆಲ್ಲಿನ ನಡುವೆ ಕೂತಿರುತ್ತದೆ. ದ್ರಾವಣ ಅಲ್ಲಿಗೆ ನೆನೆದು ನೆನೆದೇ ತಲುಪಬೇಕು. ದಪ್ಪ ಎರಡರಷ್ಟಾದರೆ ತಲುಪುವ ಹೊತ್ತು ನಾಲ್ಕರಷ್ಟು.

ಹಾಗೆಂದು ಸುತ್ತು ಹೆಚ್ಚಿಸುತ್ತಲೇ ಹೋಗುವಂತೆಯೂ ಇಲ್ಲ. ಉಂಗುರಕ್ಕೆ ಬಿಗಿ ಕೊಡುವ, ನೀರು ಹಿಡಿದಿಡುವ ಸಕ್ಕರೆ ಸರಪಳಿಗಳು (ಜಿಎಜಿ ಎಂದು ಕರೆಯುವವು) ಪ್ರತಿ ತೊಳೆತದಲ್ಲೂ ಸ್ವಲ್ಪ ಸ್ವಲ್ಪ ಕರಗಿ ಹೋಗುತ್ತವೆ. ಅವು ಹೋದ ನಾಳ ಒದ್ದೆ ಕಾಗದದ ಕೊಳವೆಯ ಹಾಗೆ, ಉಸಿರೆಳೆದರೆ ಒಳಕ್ಕೆ ಮಡಚಿಕೊಳ್ಳುತ್ತದೆ. ಜೀವಕೋಶ ಹೋಗಬೇಕು, ಬಿಗಿ ಉಳಿಯಬೇಕು. ಇಡೀ ಕೆಲಸದ ಜಾಣತನ ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದರಲ್ಲಿದೆ. ಹಾಗಾಗಿ 5, 10, 15, 20ನೇ ಸುತ್ತಿನ ಕೊನೆಗೆ ತುದಿಯಿಂದ ಒಂದೊಂದು ಉಂಗುರ ಕತ್ತರಿಸಿ ಪರೀಕ್ಷಿಸಿ. 2008ರಲ್ಲಿ ಬಾರ್ಸಿಲೋನಾದಲ್ಲಿ ರೋಗಿಯೊಬ್ಬರಿಗೆ ಹೀಗೆ ತೊಳೆದು ಹಾಕಿದ ದಾನಿಯ ನಾಳಕ್ಕೆ 25 ಸುತ್ತು, ಆರು ವಾರ ಹಿಡಿದಿತ್ತು.

ಪರೀಕ್ಷೆಗಳು

ಜಗತ್ತಿನ ಲ್ಯಾಬುಗಳು ಸಾಮಾನ್ಯವಾಗಿ ಒಪ್ಪಿಕೊಂಡ ಅಳತೆ ಮೂರು: ಒಣ ತೂಕದ ಪ್ರತಿ ಮಿಲಿಗ್ರಾಂಗೆ ಡಿಎನ್‌ಎ 50 ನ್ಯಾನೋಗ್ರಾಂ ಒಳಗೆ, ಉಳಿದ ಡಿಎನ್‌ಎ ತುಣುಕಿನ ಉದ್ದ 200 ಬೇಸ್ ಜೋಡಿಗಿಂತ ಕಡಿಮೆ, ಸ್ಲೈಡಿನಲ್ಲಿ ಕೋಶಕೇಂದ್ರ ಕಾಣಬಾರದು.

ಸ್ಲೈಡಿಗೆ ತುಂಡನ್ನು ನೂರಕ್ಕೆ 10ರ ಬಫರ್ ಫಾರ್ಮಲಿನ್‌ನಲ್ಲಿ 24 ಗಂಟೆ ಇಟ್ಟು ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಕೊಡಿ. ಹೆಮಟಾಕ್ಸಿಲಿನ್-ಇಯೋಸಿನ್, ಅದರ ಜೊತೆ ಜಿಎಜಿಗಾಗಿ ಆಲ್ಸಿಯನ್ ಬ್ಲೂ ಅಥವಾ ಸಫ್ರನಿನ್-ಓ ಬಣ್ಣವನ್ನೂ ಕೇಳಿ. ಅಂಟು ಲೇಪಿಸಿದ ಸ್ಲೈಡಿನಲ್ಲೇ ಹಾಕಲು ಹೇಳಿ, ಇಲ್ಲವಾದರೆ ಮೃದ್ವಸ್ಥಿಯ ತೆಳು ಹಾಳೆ ಮಡಚಿ ತೇಲಿಹೋಗುತ್ತದೆ. ನೋಡುವಾಗ ಮೇಲ್ಪದರ ಬಿಟ್ಟು ಉಂಗುರದ ನಟ್ಟನಡುವಿನ ಗೂಡುಗಳನ್ನು ನೋಡಿ. ಗೂಡು ಖಾಲಿ ಇದ್ದರೆ ತೊಳೆದಿದೆ, ನೀಲಿ ಚುಕ್ಕೆ ಇದ್ದರೆ ಇಲ್ಲ.

ಡಿಎನ್‌ಎ ಲೆಕ್ಕ ಹೀಗೆ. 10 ಮಿಲಿಗ್ರಾಂ ಒಣ ತುಂಡನ್ನು ಪ್ರೋಟೀನೇಸ್-ಕೆ ಕಿಣ್ವದಲ್ಲಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಕರಗಿಸಿ, ಕಿಟ್‌ನಿಂದ ಡಿಎನ್‌ಎ ಬೇರ್ಪಡಿಸಿ 100 ಮೈಕ್ರೋಲೀಟರ್‌ನಲ್ಲಿ ತೆಗೆದಿರಿ ಎನ್ನೋಣ. ಮೀಟರ್ ಪ್ರತಿ ಮೈಕ್ರೋಲೀಟರಿಗೆ 4 ನ್ಯಾನೋಗ್ರಾಂ ತೋರಿಸಿದರೆ ಒಟ್ಟು 400, ಹತ್ತರಿಂದ ಭಾಗಿಸಿದರೆ 40, ಪಾಸ್. ಮೀಟರ್ 6 ತೋರಿಸಿದರೆ 60, ಇನ್ನೂ ತೊಳೆಯಬೇಕು. ನ್ಯಾನೋಡ್ರಾಪ್ ಯಂತ್ರ ಆರ್‌ಎನ್‌ಎ, ಪ್ರೋಟೀನು ಎಲ್ಲವನ್ನೂ ಸೇರಿಸಿ ಹೆಚ್ಚು ತೋರಿಸುತ್ತದೆ. ಪಿಕೋಗ್ರೀನ್‌ನಂಥ ಹೊಳೆಯುವ ಬಣ್ಣದ ವಿಧಾನವನ್ನೇ ನಂಬಿ. ತುಣುಕಿನ ಉದ್ದಕ್ಕೆ ನೂರಕ್ಕೆ 2ರ ಅಗರೋಸ್ ಜೆಲ್, ಪಕ್ಕದಲ್ಲಿ ಉದ್ದ ಹೋಲಿಸಲು 100 ಬೇಸ್ ಜೋಡಿಯ ಏಣಿ (ಲ್ಯಾಡರ್).

ಗಟ್ಟಿತನಕ್ಕೆ ದುಬಾರಿ ಯಂತ್ರವಿಲ್ಲದಿದ್ದರೂ ನಡೆಯುತ್ತದೆ. ಮೂರು ಉಂಗುರದ ತುಂಡನ್ನು ಸ್ನಾಯುಪೊರೆ ಕೆಳಗಾಗಿ ಗಾಜಿನ ಮೇಲಿಟ್ಟು, ಮೇಲೊಂದು ಹಗುರ ಗಾಜಿನ ಸ್ಲೈಡ್ ಇಡಿ. 20, 50, 100 ಗ್ರಾಂ ತೂಕದ ಬಟ್ಟು ಒಂದೊಂದಾಗಿ ಇಟ್ಟು, 30 ಸೆಕೆಂಡ್ ಬಿಟ್ಟು ವರ್ನಿಯರ್‌ನಿಂದ ಎತ್ತರ ಅಳೆಯಿರಿ. ಬಟ್ಟು ತೆಗೆದು ಒಂದು ನಿಮಿಷದ ನಂತರ ಮತ್ತೆ ಅಳೆಯಿರಿ. ಮೊದಲ ದಿನದ ಹಸಿ ತುಂಡಿನ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ತೂಕ ತೆಗೆದ ಮೇಲೂ ಮೇಲೇಳದ ಉಂಗುರ ಅತಿಯಾಗಿ ತೊಳೆದದ್ದು.

ಸೋರಿಕೆಗೆ ಎರಡೂ ತುದಿಗೆ ರಬ್ಬರ್ ಬಿರಡೆ ಕಟ್ಟಿ, ಒಂದರಿಂದ ಬಿಪಿ ಯಂತ್ರದ ಬಲ್ಬಿನಲ್ಲಿ 20 ಮಿ.ಮೀ. ಪಾದರಸದ ಒತ್ತಡದವರೆಗೆ ಗಾಳಿ ತುಂಬಿ, ನೀರೊಳಗೆ ಒಂದು ನಿಮಿಷ ಹಿಡಿಯಿರಿ. ಗುಳ್ಳೆ ಬಂದರೆ ತೂತಿದೆ.

ಕೊನೆಯದು ಉಳಿದ ಡಿಟರ್ಜೆಂಟ್. ಮುಂದೆ ಬಿತ್ತುವ ಹೊಸ ಜೀವಕೋಶವನ್ನು ಇದೇ ಕೊಲ್ಲುತ್ತದೆ. ಕೊನೆಯ ತೊಳೆತದ ನೀರನ್ನು ಟ್ಯೂಬಿನಲ್ಲಿ ಕುಲುಕಿದಾಗ ನೊರೆ ನಿಂತರೆ ಇನ್ನೂ ಇದೆ ಎಂದೇ ಅರ್ಥ. ನೊರೆ ಇಲ್ಲದಿದ್ದರೂ ಸಾಲದು. ತುಂಡನ್ನು ಕಲ್ಚರ್ ಮೀಡಿಯಂನಲ್ಲಿ 37 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಆ ಮೀಡಿಯಂ ಅನ್ನು ಬೆಳೆಯುತ್ತಿರುವ ಜೀವಕೋಶಕ್ಕೆ ಕೊಟ್ಟು ಎಂಟಿಟಿ ಪರೀಕ್ಷೆ (ಎಷ್ಟು ಜೀವಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವುದು) ಮಾಡಿ. ಬದುಕುಳಿದದ್ದು ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ವಿಷವಿದೆ ಎಂದು ಲೆಕ್ಕ.

ಮನುಷ್ಯನಿಗೆ ಇನ್ನೂ ಯಾಕಲ್ಲ

ಎಲ್ಲ ಪರೀಕ್ಷೆ ಪಾಸಾದ ಹಂದರಕ್ಕೂ ಒಂದು ಕೊರತೆ ಇದೆ: ರಕ್ತ. ಶ್ವಾಸನಾಳಕ್ಕೆ ಹೊಲಿದು ಜೋಡಿಸಬಹುದಾದ ಒಂದು ದೊಡ್ಡ ರಕ್ತನಾಳ ಇಲ್ಲ, ಕೂದಲೆಳೆಯಂಥ ಕವಲುಗಳು ತುಂಡು ತುಂಡಾಗಿ ಬರುತ್ತವೆ. ಹೊಸ ನಾಳ ಕೂಡಿಸಿದ ಮೊದಲ ದಿನದಿಂದಲೇ ಅದರೊಳಗೆ ಹೊರಗಿನ ಗಾಳಿ, ಧೂಳು, ಬ್ಯಾಕ್ಟೀರಿಯಾ. ರಕ್ತವಿಲ್ಲದ ಗೋಡೆ ಅಲ್ಲಿ ಕೊಳೆಯುತ್ತದೆ.

ಇದನ್ನು ಬದಿಗಿಟ್ಟು ಮುನ್ನುಗ್ಗಿದ್ದರ ಬೆಲೆ ರೋಗಿಗಳು ತೆತ್ತರು. 2011ರಿಂದ ಸ್ವೀಡನ್‌ನ ಕರೋಲಿನ್‌ಸ್ಕಾದಲ್ಲಿ ಪಾವೊಲೊ ಮಕಿಯಾರಿನಿ ಎಂಬ ಶಸ್ತ್ರಚಿಕಿತ್ಸಕ ಮೂವರಿಗೆ ಕಾಂಡಕೋಶ ಬಿತ್ತಿದ ಪ್ಲಾಸ್ಟಿಕ್ ನಾಳ ಹಾಕಿದರು. ಆ ಮೂವರೂ ಉಳಿಯಲಿಲ್ಲ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಅವರೇ ಮಾಡಿದ್ದ ಬಾರ್ಸಿಲೋನಾದ ಚಿಕಿತ್ಸೆಯ 2008ರ ವರದಿಯನ್ನೂ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2023ರಲ್ಲಿ ಹಿಂತೆಗೆದುಕೊಂಡಿತು. ಹಾಗಾಗಿ ಮೇಲೆ ಹೇಳಿದ 25 ಸುತ್ತು ತೊಳೆಯುವ ಕ್ರಮದ ಮಾಹಿತಿ ಮಾತ್ರ, ಆ ಚಿಕಿತ್ಸೆ ಗೆದ್ದಿತು ಎಂಬುದಕ್ಕೆ ಸಾಕ್ಷಿಯಲ್ಲ.

ರಕ್ತದ ಪ್ರಶ್ನೆಯನ್ನು ಎದುರಿಟ್ಟುಕೊಂಡು ದುಡಿದವರೂ ಇದ್ದಾರೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಪಿಯರ್ ಡೆಲೇರ್ ಎಂಬ ಶಸ್ತ್ರಚಿಕಿತ್ಸಕ ದಾನಿಯ ನಾಳವನ್ನು ಮೊದಲು ರೋಗಿಯ ಮುಂಗೈಯಲ್ಲಿ ಹೂತು, ರಕ್ತನಾಳ ಬೆಳೆದ ಮೇಲೆ ಕತ್ತಿಗೆ ಸಾಗಿಸಿದರು. ಅದರ ವರದಿ 2010ರಲ್ಲಿ ಬಂತು. 2021ರ ಜನವರಿಯಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಎರಿಕ್ ಜೆಂಡನ್ ತಂಡ ದಾನಿಯ ನಾಳವನ್ನು ರಕ್ತನಾಳ ಸಮೇತ ಜೋಡಿಸಿತು. ನಿಮ್ಮ ಹಂದರದ ಮೇಲೆ ಮುಂದಿನ ಪ್ರಾಜೆಕ್ಟ್ ಯೋಚಿಸುವುದಾದರೆ ಜೀವಕೋಶ ಬಿತ್ತುವುದಕ್ಕಿಂತ ಮೊದಲು ರಕ್ತನಾಳ ಹೇಗೆ ಬೆಳೆಸುವುದು ಎಂಬುದನ್ನೇ ಎತ್ತಿಕೊಳ್ಳಿ. ಜೀವಂತ ಪ್ರಾಣಿಯಲ್ಲಿ ಇಡುವುದಾದರೆ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಮಿತಿ) ನಿಯಮದಡಿ ಅನುಮತಿ ಬೇಕೇ ಬೇಕು.

ಕ್ರಿಮಿ ಕಳೆದು ಇಡುವುದು

ಆಟೋಕ್ಲೇವ್ ಮಾಡಬೇಡಿ, ಕೊಲಾಜೆನ್ ಬೆಂದು ಕಾಲು ಸೂಪಿನ ಅಂಟಾಗುತ್ತದೆ. ನೂರಕ್ಕೆ 4ರ ಎಥನಾಲ್‌ನಲ್ಲಿ ನೂರಕ್ಕೆ 0.1 ಪೆರಾಸಿಟಿಕ್ ಆಮ್ಲ ಬೆರೆಸಿ, ಫ್ಯೂಮ್ ಹುಡ್‌ನಲ್ಲಿ ಎರಡು ಗಂಟೆ ಇಡಿ. ಆಮೇಲೆ ಕ್ರಿಮಿರಹಿತ ಪಿಬಿಎಸ್‌ನಲ್ಲಿ 15 ನಿಮಿಷ ಎರಡು ಸಲ, ನೀರಿನಲ್ಲಿ 15 ನಿಮಿಷ ಎರಡು ಸಲ. ಅದರಿಂದೊಂದು ಚೂರನ್ನು ನ್ಯೂಟ್ರಿಯಂಟ್ ಬ್ರಾತ್‌ನಲ್ಲಿ ಹಾಕಿ 37 ಡಿಗ್ರಿಯಲ್ಲಿ ಬಿಡಿ. ಬ್ರಾತ್ ಮಬ್ಬಾದರೆ ಆ ಬ್ಯಾಚ್ ಮುಗಿಯಿತು.

ಉಳಿದದ್ದನ್ನು ಆಂಟಿಬಯಾಟಿಕ್ ಬೆರೆಸಿದ ಪಿಬಿಎಸ್‌ನಲ್ಲಿ 4 ಡಿಗ್ರಿಯಲ್ಲಿಡಿ. ದಿನ ಕಳೆದಂತೆ ಬಿಗಿ ಕಡಿಮೆಯಾಗುತ್ತದೆ. ತಿಂಗಳು ದಾಟಿದ್ದನ್ನು ಬಳಸುವ ಮೊದಲು ಬಟ್ಟಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಕತ್ತರಿಸಿ ಉಳಿದ ಅಂಗಾಂಶವೆಲ್ಲ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ. ಬಾಟಲಿಯ ಮೇಲೆ ಸೀಸದ ಕಡ್ಡಿಯಿಂದ ಬರೆದ ಚೀಟಿ ಅಂಟಿಸಿ, ಪೆನ್ನಿನ ಶಾಯಿ ಫ್ರಿಜ್ಜಿನ ತೇವಕ್ಕೆ ಅಳಿಸುತ್ತದೆ: ಕಡಿದ ದಿನಾಂಕ, ಕುರಿಯ ವಯಸ್ಸು, ಸುತ್ತಿನ ಸಂಖ್ಯೆ, ಡಿಎನ್‌ಎ ಅಳತೆ, ಮತ್ತು “ಪ್ರಯೋಗಕ್ಕೆ ಮಾತ್ರ”.